ಎರ್ರಮ್ಮನ ಕುತ್ತಿಗೆ, ಕಂಪ್ಲಿಯ ಮೂಗುಗಳು

ಕಂಪ್ಲಿಯಲ್ಲಿ ಮೂವತ್ತೈದು ವರ್ಷದೊಳಗಿನ ಯಾರ ಮೂಗಾದರೂ ನೆಟ್ಟಗಿದ್ದರೆ ಅದು ತನ್ನ ಕೈಕೆಲಸವೆಂದು ಎರ್ರಮ್ಮ ನಂಬಿದ್ದಳು. ಸೊಟ್ಟಗಿದ್ದರೆ, ಆ ಮನೆಯವರು ಬೇರೆ ಯಾರನ್ನೋ ಕರೆದಿದ್ದರು ಎಂದೇ ಅರ್ಥ. ಬಾಣಂತಿಯರ ಮನೆಗೆ ಹೋಗಿ ಕೂಸಿಗೆ ಎರೆಯುವುದು ಅವಳ ಕಸುಬು. ಬಚ್ಚಲಲ್ಲಿ ಮಣೆ ಹಾಕಿಕೊಂಡು, ಕಾಲು ನೀಡಿ, ಕಾಲ ಮೇಲೆ ಕೂಸನ್ನು ಮಲಗಿಸಿ, ಎಣ್ಣೆ ಹಚ್ಚಿ, ತಲೆ ಒತ್ತಿ, ಮೂಗು ತಿದ್ದಿ ನೀರು ಹೊಯ್ದಳೆಂದರೆ ಕೂಸು ಮೂರು ತಾಸು ಮಿಸುಕುತ್ತಿರಲಿಲ್ಲ. ರೈಸ್ ಮಿಲ್ ಮಾಲೀಕರ ಕೂಸಾಗಲಿ ಹಮಾಲರ ಕೂಸಾಗಲಿ, ಅವಳ ಕಾಲ ಮೇಲೆ ಒಂದೇ ಸಮನೆ ಚೀರಬೇಕು. ಅದರಲ್ಲಿ ಅವಳು ಭೇದ ಮಾಡಿದವಳಲ್ಲ.

ಅಂಥ ಎರ್ರಮ್ಮನ ಕೈ ಯುಗಾದಿ ಹೊತ್ತಿಗೆ ನಡುಗತೊಡಗಿತು. ಕುಳಿತಲ್ಲಿ ಕೂರಲಾರಳು. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುವಳು, ಅರ್ಧಕ್ಕೆ ಬಿಟ್ಟು ಬೀದಿಗೆ ಹೋಗುವಳು, ಯಾಕೆ ಬಂದೆನೆಂದು ಮರೆತು ಬೈದುಕೊಳ್ಳುತ್ತ ಬರುವಳು. ಇಬ್ಬರ ಊಟ ಒಬ್ಬಳೇ ಉಂಡರೂ ಕುಬುಸ ಸಡಿಲವಾಗುತ್ತಿತ್ತು. ಎದೆಯಂತೂ ಮಿಲ್ಲಿನ ಬೆಲ್ಟಿನ ಹಾಗೆ ಹೊಡೆದುಕೊಳ್ಳುತ್ತಿತ್ತು. ಕುತ್ತಿಗೆಯಲ್ಲಿ ಬಹಳ ವರ್ಷಗಳಿಂದ ನಿಂಬೆಹಣ್ಣಿನಷ್ಟಿದ್ದ ಗಡ್ಡೆ ಈಗ ಮೋಸಂಬಿಯಾಗಿತ್ತು.

"ಬ್ಯಾಸಿಗಿ ಭಾಳ," ಎಂದು ಎರ್ರಮ್ಮ ಎಲ್ಲವನ್ನೂ ಬಿಸಿಲಿನ ತಲೆಗೆ ಕಟ್ಟಿದಳು.

ಒಂದು ಬೆಳಗ್ಗೆ ಜಡೆಪ್ಪನವರ ಮನೆಯಲ್ಲಿ ಎರೆಯುತ್ತಿದ್ದಾಗ ಕೈ ನಡುಗಿ, ಎಣ್ಣೆ ಹಚ್ಚಿದ ಕೂಸು ಜಾರಿತು. ಪಕ್ಕದಲ್ಲಿ ನೀರು ಹೊಯ್ಯುತ್ತಿದ್ದ ದುರ್ಗಕ್ಕ ಚೊಂಬು ಬಿಸಾಡಿ ಹಿಡಿದಳು. ಹತ್ತು ವರ್ಷದಿಂದ ಜೊತೆಗಿದ್ದರೂ ಎರ್ರಮ್ಮನ ಲೆಕ್ಕದಲ್ಲಿ ಅವಳಿನ್ನೂ ಕಲಿಯುವ ಹುಡುಗಿ, ವಯಸ್ಸು ನಲವತ್ತಾರು. ಕೂಸಿಗೆ ಏನೂ ಆಗಲಿಲ್ಲ. ಮರುದಿನ ಜಡೆಪ್ಪನವರ ಮನೆಯಿಂದ ಮಾತು ಬಂತು: "ನಾಳಿಂದ ನಾವ ಎರಕಂತೀವಿ." ಆ ವಾರವೇ ಇನ್ನೆರಡು ಮನೆಯವರಿಗೂ ಎರೆಯುವ ವಿದ್ಯೆ ಇದ್ದಕ್ಕಿದ್ದಂತೆ ಒಲಿದುಬಿಟ್ಟಿತು.

ತೋರಣಗಲ್ಲಿನಿಂದ ಮಗಳು ಪೂಜಿತಾ ಚೊಚ್ಚಲ ಹೆರಿಗೆಗೆ ಬಂದಿಳಿದದ್ದು ಇದೇ ಹೊತ್ತಿಗೆ. ಊರಿಗೆಲ್ಲ ಎರೆದವಳು ಸ್ವಂತ ಮೊಮ್ಮಗುವಿಗೆ ಎರೆಯದಿದ್ದರೆ ಹೇಗೆ? ಎರ್ರಮ್ಮ ಆಸ್ಪತ್ರೆಗೆ ಹೊರಟಳು. ಥೈರಾಯ್ಡ್ ಅತಿಯಾಗಿದೆ ಎಂದರು. ಗುಳಿಗೆ ಕೊಟ್ಟರೆ ಮೈತುಂಬ ದದ್ದು ಎದ್ದವು. ಬಳ್ಳಾರಿಯ ಸರ್ಜನ್ ಗಡ್ಡೆ ತೆಗೆದುಬಿಡೋಣವೆಂದು ಕುತ್ತಿಗೆಯ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದ. "ಕೋಳಿಗೆ ಹಿಂಗ ಮಾಡೂದು," ಎಂದು ಎರ್ರಮ್ಮ ಎದ್ದೇ ಬಂದಳು.

ಆಗ ನೆನಪಾದವಳು ಶಾಂಭವಿ. ಕಂಪ್ಲಿಯ ಮಿಲ್ ಮಾಲೀಕ ಮರಿಸ್ವಾಮಿಯವರ ಮಗಳು, ಈಗ ಹೊಸಪೇಟೆಯಲ್ಲಿ ಡಾಕ್ಟರು. "ನನ್ನ ಕಾಲ ಮ್ಯಾಲೆ ಮಲಗಿದ ಕೂಸು ನನ್ನ ಕುತ್ತಿಗಿ ಕೊಯ್ಸಂಗಿಲ್ಲ," ಎಂದು ಎರ್ರಮ್ಮ ದುರ್ಗಕ್ಕನನ್ನು ಕರೆದುಕೊಂಡು ಬಸ್ಸು ಹತ್ತಿದಳು. ಹೊಸಪೇಟೆ ಮುಟ್ಟುವುದರೊಳಗೆ ನಾಲ್ಕು ಸಲ ಸೀಟು ಬದಲಿಸಿದಳು.

ಶಾಂಭವಿ ನಾಡಿ ನೋಡುತ್ತಿದ್ದರೆ ಎರ್ರಮ್ಮ ಅವಳ ಮೂಗು ನೋಡುತ್ತಿದ್ದಳು.

"ಕೆಟ್ಟಿಲ್ಲ," ಎಂದಳು ಕೊನೆಗೆ.

"ಏನು ದೊಡ್ಡವ್ವ?"

"ಮೂಗು. ಹುಟ್ಟಿದಾಗ ಬಜ್ಜಿ ಹಂಗಿತ್ತು. ನಿಮ್ಮವ್ವನ್ನ ಕೇಳು."

ಹೊರಗೆ ಕುಳಿತ ರೋಗಿಗಳಿಗೂ ಕೇಳಿಸಿತು. ಶಾಂಭವಿ ನಕ್ಕು ರಿಪೋರ್ಟು ತಿರುವಿದಳು. "ಕೊಯ್ಯದೆ ಆಗೂ ದಾರಿ ಐತ್ರಿ. ಹುಬ್ಬಳ್ಳಿಗೆ ಹೋಗ್ರಿ, ಅಯೋಡಿನ್ ಕ್ಯಾಪ್ಸೂಲ್ ಒಂದು ಕೊಡ್ತಾರ. ಗಡ್ಡೀನ ಒಳಗಿಂದೊಳಗ ತಣ್ಣಗ ಮಾಡ್ತೈತಿ."

"ಒಂದ ಗುಳಿಗಿ?"

"ಬಹುತೇಕ ಒಂದ ಸಾಕು."

ಎರ್ರಮ್ಮ ದುರ್ಗಕ್ಕನ ಕಡೆ ತಿರುಗಿದಳು. "ನೋಡಿದೇನಲೇ? ತಿದ್ದಿದ್ದು ಸುಮ್ನ ಹೋಗ್ಲಿಲ್ಲ."

"ಆದ್ರ ಅದರೊಳಗ ಎಕ್ಸ್‌ರೇದಂಥ ಕಿರಣ ಇರ್ತಾವ, ನಿಮ್ಮ ಮೈಯಿಂದ ಹೊರಗೂ ಬರ್ತಾವ. ಮೂರು ವಾರ ಬಸುರಿ ಹತ್ರ, ಕೂಸಿನ ಹತ್ರ ಹೋಗಂಗಿಲ್ಲ. ನಡುಕ ಪೂರ್ತಿ ನಿಲ್ಲಾಕ ಎರಡು ಮೂರು ತಿಂಗಳು ಹಿಡೀತೈತಿ."

ಎರ್ರಮ್ಮನ ಕಾಲು ಮೇಜಿನ ಕೆಳಗೆ ಕುಣಿಯುತ್ತಿದ್ದದ್ದು ನಿಂತಿತು. "ಮತ್ತ ಆಪರೇಷನ್?"

"ಅದ್ರಾಗ ನಡುಕ ಜಲ್ದಿ ಇಳೀತೈತಿ. ಯಾವುದರ ಮಾಡಸ್ರಿ, ಹೆರಿಗಿ ಮುಗೀಲಿ ಅಂತ ಮುಂದ ಹಾಕಬ್ಯಾಡ್ರಿ. ಎದಿ ತಡಕೊಳ್ಳಂಗಿಲ್ಲ."

ಇಷ್ಟು ದಿನ ಕತ್ತಿಗೆ ಹೆದರಿ ಓಡಿದವಳು ವಾಪಸು ಬರುವಾಗ ಮೊದಲ ಸಲ ಕತ್ತಿಯ ಬಗ್ಗೆ ಒಳ್ಳೆಯದನ್ನು ಯೋಚಿಸಿದಳು. ಕುತ್ತಿಗೆ ಸವರಿಕೊಂಡಳು. ಕೋಳಿ ನೆನಪಾಯಿತು. ಕೈ ಕೆಳಗಿಳಿಸಿದಳು. ಪೂಜಿತಾಳ ಹೊಟ್ಟೆ ನೆನಪಾಗಿ ಮತ್ತೆ ಮೇಲೆತ್ತಿದಳು.

ಮನೆಯಲ್ಲಿ ಎಲ್ಲವನ್ನೂ ಕೇಳಿ ಪೂಜಿತಾ ಅಂದಳು: "ಕತ್ತಿ ಅಂದ್ರ ನಿನಗ ಜೀವ ಹಾರ್ತೈತಿ. ಗುಳಿಗಿ ನುಂಗು. ಎರಿಯಾಕ ಯಾರರ ಬರ್ತಾರ. ಎರಿಸಿಕೊಂಡ ಕೂಸಿಗೆ ಅಜ್ಜಿ ಬ್ಯಾಡೇನು?"

"ಯಾರರ ಅಂದ್ರ ಯಾರಬೇ?"

ಪೂಜಿತಾ ದುರ್ಗಕ್ಕನನ್ನು ನೋಡಿದಳು. ದುರ್ಗಕ್ಕ ಸೂರು ನೋಡಿದಳು.

ಎರ್ರಮ್ಮ ಹುಬ್ಬಳ್ಳಿಗೆ ಹೋಗಿ ಗುಳಿಗೆ ನುಂಗಿ, ಮೆಟ್ರಿಯಲ್ಲಿ ತಮ್ಮ ತೋಟಪ್ಪನ ಗದ್ದೆಮನೆಯ ಕೋಣೆ ಸೇರಿದಳು. ತಟ್ಟೆ ಬೇರೆ, ಹಾಸಿಗೆ ಬೇರೆ. ಗೋಡೆಯಿಂದ ಗೋಡೆಗೆ ಒಂಬತ್ತು ಹೆಜ್ಜೆ. ಆ ಒಂಬತ್ತನ್ನೇ ದಿನವಿಡೀ ನಡೆದಳು. ಹದಿನಾಲ್ಕನೆಯ ದಿನ ಹೆಣ್ಣುಕೂಸು ಹುಟ್ಟಿತು. ಮನೆಯಲ್ಲಿ ಮೊದಲ ನೀರು ದುರ್ಗಕ್ಕನ ಪಾಲಿಗೆ ಬಂತು. ಪೂಜಿತಾ ಮಂಚದಿಂದಲೇ ಬಚ್ಚಲ ಕಡೆ ಫೋನು ಹಿಡಿದಳು, ವಿಡಿಯೋ ಕಾಲ್. ಆ ಕಡೆಯಿಂದ ಎರ್ರಮ್ಮನ ಕೂಗು:

"ಮೊಣಕೈಲೆ ನೀರು ನೋಡಿದೇನು? ಎಡಕ್ಕ ಹೊರಳ್ಸಲೇ! ಎಡಕ್ಕ! ನಿನ್ನ ಎಡ ಅಲ್ಲ, ಕೂಸಿನ ಎಡ!"

ಗದ್ದೆಯಲ್ಲಿ ಸಸಿ ನೆಡುತ್ತಿದ್ದ ಹೆಂಗಸರು ಬಗ್ಗಿದಲ್ಲೇ ನಕ್ಕರು. ಎರಡು ದಿನದಲ್ಲಿ ಮೆಟ್ರಿಯ ಅರ್ಧ ಊರು ಕೂಸಿಗೆ ಎರೆಯುವುದನ್ನು ಕಲಿಯಿತು.

ಗುಳಿಗೆ ನುಂಗಿದ ಇಪ್ಪತ್ತೆರಡನೆಯ ದಿನ, ಇನ್ನು ಕೂಸನ್ನು ಮುಟ್ಟಬಹುದೆಂದು ಶಾಂಭವಿಯಿಂದ ಫೋನಿನಲ್ಲಿ ಹೇಳಿಸಿಕೊಂಡೇ ಎರ್ರಮ್ಮ ಕಂಪ್ಲಿಗೆ ಬಂದಳು. ನೆಟ್ಟಗೆ ಬಚ್ಚಲಿಗೆ ಹೋಗಿ ಮಣೆ ಎಳೆದುಕೊಂಡು ಕಾಲು ನೀಡಿದಳು. ಪೂಜಿತಾ ಕೂಸನ್ನು ಚಾಚಿದಳು, ದುರ್ಗಕ್ಕ ಬಾಗಿಲಲ್ಲಿ ನಿಂತಳು.

"ತಡಿ," ಎಂದಳು ಎರ್ರಮ್ಮ. ಚೊಂಬಿನ ತುಂಬ ನೀರು ತುಂಬಿ ಒಂದು ಕೈಯಲ್ಲಿ ಎತ್ತಿ ಹಿಡಿದಳು. ನಡುಕ ಮೊದಲಿನಷ್ಟಿಲ್ಲ. ಆದರೂ ಅಂಚಿನಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು. ಮೂವರೂ ಅದನ್ನೇ ನೋಡಿದರು.

ಎರ್ರಮ್ಮ ಚೊಂಬು ಇಳಿಸಿ ಎದ್ದಳು. "ಕುಂದ್ರಲೇ ದುರ್ಗಿ. ಕಾಲು ಸರಿಯಾಗಿ ನೀಡು."

ತಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು, ಎಣ್ಣೆ ಎಲ್ಲಿ, ಒತ್ತು ಎಷ್ಟು ಎಂದು ಒಂದೊಂದೇ ಹೇಳತೊಡಗಿದಳು. ಕೂಸು ಚೀರಿತು, ಚೀರಾಟ ಸರಿಯಾಗಿಯೇ ಇತ್ತು. ಕೂಸು ನೋಡಲು ಬಂದಿದ್ದ ಜಡೆಪ್ಪನ ಹೆಂಡತಿ ಹೊರಗಿನಿಂದ ಕೂಗಿ ಕೇಳಿದಳು: "ಯಾರವ್ವಾ ಎರಿಯಾಕತ್ತಿದ್ದು? ದುರ್ಗಕ್ಕೇನು?"

"ನಾನು!" ಎಂದಳು ಎರ್ರಮ್ಮ. "ಕೈ ಅಷ್ಟ ಆಕೀದು."