ಅರ್ಧರ್ಧ ಮಾತ್ರೆ

ಸ್ಕೊಲಾಸ್ತಿಕಾ ಒಂದು ದಿನವೂ ಮಾತ್ರೆ ತಪ್ಪಿಸಿದವಳಲ್ಲ. ಹಾಗೆಂದು ನಾನು ಬರೆದಿದ್ದೆ, ಅದು ಅಚ್ಚೂ ಆಗಿತ್ತು. ಪಾಪುವಾ ನ್ಯೂಗಿನಿಯ ಸಿಂಬು ಕಣಿವೆಯಲ್ಲಿ ಎಚ್‌ಐವಿ ಇದ್ದ ಇನ್ನೂರ ಹನ್ನೆರಡು ಜನರ ಮಾತ್ರೆಗಳನ್ನು ಮೂರು ವರ್ಷ, ತಿಂಗಳಿಗೊಮ್ಮೆ ಎಣಿಸಿ ಮಾಡಿದ ಅಧ್ಯಯನ. ಡಬ್ಬಿ ಸರಿಯಾದ ದಿನಕ್ಕೆ ಬರಿದಾದರೆ ರೋಗಿ ಔಷಧಿಯನ್ನು ಸರಿಯಾಗಿ ತೆಗೆದುಕೊಂಡಂತೆ ಎಂಬುದು ನಮ್ಮ ಅಳತೆ. ಸ್ಕೊಲಾಳ ಡಬ್ಬಿ ಮೂವತ್ತಾರು ತಿಂಗಳೂ ಆ ದಿನಕ್ಕೇ ಬರಿದಾಗಿತ್ತು. ಹೊಸ ರೋಗಿಗಳಿಗೆ ಬುದ್ಧಿ ಹೇಳಲು ಅವಳನ್ನೇ ಕೂರಿಸುತ್ತಿದ್ದೆವು. ಗಂಡನನ್ನು ಬೇಕಾದರೆ ಮರೆಯಿರಿ, ಮಾತ್ರೆ ಮರೆಯಬೇಡಿ ಎಂದು ಅವರನ್ನು ನಗಿಸುತ್ತಿದ್ದಳು.

ಪ್ರಬಂಧ ಅಚ್ಚಾದ ಮರುವರ್ಷ, ರಕ್ತದಲ್ಲಿ ವೈರಸ್ ಎಷ್ಟಿದೆಯೆಂದು ನೋಡುವ ಪರೀಕ್ಷೆ ನಮ್ಮ ಚಿಕಿತ್ಸಾಲಯಕ್ಕೂ ಸಿಕ್ಕಿತು. ನಾನು ಮೊದಲು ಕಳಿಸಿದ್ದು ಸ್ಕೊಲಾಳ ರಕ್ತವನ್ನು. ಬಂದ ಉತ್ತರ, ಔಷಧಿಯನ್ನೇ ಕಾಣದವರ ರಕ್ತದ ಉತ್ತರದಂತಿತ್ತು.

ಅವಳನ್ನು ಕರೆಸಿ ಮಾತ್ರೆ ಮಾರಿಕೊಂಡೆಯಾ ಎಂದು ಕೇಳಿದೆ. ಕೇಳಬಾರದಾಗಿತ್ತು. ಹೆಣೆಯುತ್ತಿದ್ದ ಚೀಲವನ್ನು ಮಡಿಲಲ್ಲಿಟ್ಟಳು.

"ಜೆನೊಗೆ ಕೊಡ್ತಿದ್ದೆ ಡಾಕ್ಟ್ರಮ್ಮ. ಅರ್ಧ ನಂದು, ಅರ್ಧ ಅವಳ್ದು. ಡಬ್ಬಿ ಖಾಲಿಯಾಯ್ತಾ ಅಂತ ಕೇಳ್ತಿದ್ರಿ, ಯಾರ ಹೊಟ್ಟೆಗೆ ಹೋಯ್ತು ಅಂತ ಯಾವತ್ತು ಕೇಳಿದ್ರಿ?"

ಜೆನೊವೆಫಾ ಅವಳ ಸವತಿ. ಲಾರಿ ಓಡಿಸುತ್ತಿದ್ದ ಗಂಡ ಕೌಪಾ ಎರಡನೆಯವಳನ್ನು ಮನೆಗೆ ತಂದ ದಿನ ಸ್ಕೊಲಾ ಅವಳ ಕಿರುಬೆರಳ ತುದಿಯನ್ನು ಕಚ್ಚಿ ತುಂಡು ಮಾಡಿದ್ದಳು. ತಪ್ಪಿಗೆ ಎರಡು ಹಂದಿ ದಂಡ ಕೊಡಬೇಕಾಯಿತು. ಆಮೇಲೆ ಕೌಪಾ ಇದೇ ಕಾಯಿಲೆಯಲ್ಲಿ ಸತ್ತ. ಕಾಯಿಲೆ ಎಂದು ಅವನ ತಮ್ಮಂದಿರು ಒಪ್ಪಲಿಲ್ಲ. ಜೆನೊ ಮಾಟಗಾತಿ, ಅಣ್ಣನ ಗುಂಡಿಗೆ ತಿಂದವಳು ಅವಳೇ ಎಂದು ಸಾವಿನ ಮನೆಯಲ್ಲೇ ಅವಳನ್ನು ಕಟ್ಟಿಹಾಕಿ, ಕಾಯಿಸಿದ ಕಬ್ಬಿಣದಿಂದ ಕಾಲು ಸುಟ್ಟರು. ಅವರು ಊಟಕ್ಕೆ ಎದ್ದಾಗ ಸ್ಕೊಲಾ ಕಟ್ಟು ಬಿಚ್ಚಿ, ಅವಳನ್ನು ಬೆನ್ನ ಮೇಲೆ ಹೊತ್ತು ತನ್ನ ತವರಿನ ಗುಡ್ಡಕ್ಕೆ ಕರೆದೊಯ್ದಳು. ಯಾಕೆ ಎಂದು ಕೇಳಿದೆ.

"ಅವಳನ್ನ ಕೊಲ್ಲೋ ಹಕ್ಕು ಯಾರಿಗಾದ್ರೂ ಇದ್ರೆ ನಂಗಿತ್ತು. ಆ ನಾಯಿಗಳಿಗೆ ಎಲ್ಲಿತ್ತು?"

ಕೌಪಾನಂತೆ ಜೆನೊಳ ಬಾಯಲ್ಲೂ ಹುಣ್ಣೆದ್ದಾಗ ಅವಳಿಗೂ ಇದೇ ಕಾಯಿಲೆ ಎಂದು ಸ್ಕೊಲಾಳಿಗೆ ತಿಳಿಯಿತು. ಆದರೆ ಜೆನೊ ನಮ್ಮಲ್ಲಿಗೆ ಬರುವಂತಿರಲಿಲ್ಲ. ಮೈದುನರು ಅಡಿಕೆ ಮಾರಲು ಕೂರುತ್ತಿದ್ದದ್ದು ನಮ್ಮ ಗೇಟಿನ ಎದುರಿಗೇ. ಹಾಗಾಗಿ ಸ್ಕೊಲಾ ದಿನಾ ಸಂಜೆ ಗೆಣಸು ಸುಲಿಯುವ ಚಾಕುವಿನಿಂದ ಮಾತ್ರೆಯನ್ನು ಎರಡು ಮಾಡುತ್ತಿದ್ದಳು. ಇಲ್ಲಿ ಒಂದೇ ಒಲೆಯ ಮುಂದೆ ಕೂತು ಒಬ್ಬರೇ ತಿನ್ನುವುದು ಕದಿಯುವುದಕ್ಕಿಂತ ಹೀನ. ಮೂವತ್ತು ವರ್ಷದಿಂದ ಈ ಜನರ ನಡುವೆ ಇರುವ ನನಗೆ ಅದು ಗೊತ್ತಿತ್ತು. ಅಧ್ಯಯನದ ಪ್ರಶ್ನಾವಳಿ ಬರೆಯುವಾಗ ಹೊಳೆಯಲಿಲ್ಲ. ಅರ್ಧ ಮಾತ್ರೆಗೆ ವೈರಸ್ ಸಾಯುವುದಿಲ್ಲ, ಆ ಔಷಧಿಗೆ ಹೊಂದಿಕೊಳ್ಳುತ್ತದೆ. ಇಬ್ಬರಲ್ಲೂ ಹೊಂದಿಕೊಂಡಿತ್ತು.

ಉಳಿದದ್ದು, ಮೊದಲಿನದು ಸೋತಾಗ ಕೊಡುವ ಎರಡನೆಯ ಸಾಲಿನ ಔಷಧಿ. ಬೆಳಿಗ್ಗೆ ಎರಡು, ಸಂಜೆ ಎರಡು, ಇಡಿಯಾಗಿಯೇ ನುಂಗಬೇಕು. ಅದು ರಾಜಧಾನಿಯಿಂದ ರೋಗಿಯ ಹೆಸರಿನ ಮೇಲೆ ಬರುತ್ತಿತ್ತು. ಸ್ಕೊಲಾಳದ್ದು ಹತ್ತು ದಿನದಲ್ಲಿ ಬಂತು. ಜೆನೊಳ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಸೂಜಿ, ಸೀಸೆಗಳ ಜೊತೆಗೆ ಸ್ಕೊಲಾಳ ಡಬ್ಬಿಯನ್ನೂ ತೆಗೆದುಕೊಂಡು ನಾನೇ ಗುಡ್ಡ ಹತ್ತಿದೆ.

ಹಂದಿಗೂಡಿನ ಹಿಂದಿನ ಗುಡಿಸಲಲ್ಲಿ ಜೆನೊ ಮಲಗಿದ್ದಳು. ಮೂವತ್ತನಾಲ್ಕು ಕೆ.ಜಿ. ರಕ್ತ ತೆಗೆದೆ, ಅರ್ಜಿ ತುಂಬಿದೆ. ಔಷಧಿ ಬರಲು ಆರು ವಾರ ಹಿಡಿಯಬಹುದು ಎಂದೆ. ಅವಳಲ್ಲಿ ಆರು ವಾರ ಉಳಿದಂತೆ ಕಾಣಲಿಲ್ಲ. ಸ್ಕೊಲಾ ತನ್ನ ಹೊಸ ಡಬ್ಬಿಯನ್ನು ಇಬ್ಬರ ನಡುವೆ ಇಟ್ಟಳು. ಹಂಚಿಕೊಂಡರೆ ಈ ಸಲ ಇಬ್ಬರೂ ಸಾಯುತ್ತೀರಿ, ಇದಾದ ಮೇಲೆ ನನ್ನ ಬಳಿ ಬೇರೆ ಔಷಧಿ ಇಲ್ಲ ಎಂದು ಹೇಳಿದೆ. ಹಾಗಾದರೆ ಡಬ್ಬಿಯನ್ನು ವಾಪಸು ತೆಗೆದುಕೊಂಡು ಹೋಗಿ, ಅವಳದ್ದು ಬಂದಾಗ ಎರಡನ್ನೂ ಒಟ್ಟಿಗೆ ತನ್ನಿ ಎಂದಳು ಸ್ಕೊಲಾ.

ಜೆನೊ ಡಬ್ಬಿ ಎಳೆದುಕೊಂಡು ಎರಡು ಮಾತ್ರೆ ಅಲ್ಲಾಡಿಸಿ ತೆಗೆದಳು.

"ಬಾಯಿ ತೆಗಿ, ಅಕ್ಕ."

ಸ್ಕೊಲಾ ಮುಖ ತಿರುಗಿಸಿದಳು.

"ತೆಗಿಯೇ, ಬೆರಳು ತಿಂದ ಬಾಯಲ್ವಾ ಅದು. ನೀನೂ ಸತ್ರೆ ನನ್ನನ್ನ ಹೂಳೋರು ಯಾರು? ಮಾಟಗಾತಿ ಹೆಣ ಅಂತ ಹೊಳೆಗೆ ಎಸೀತಾರೆ."

ಸ್ಕೊಲಾ ನುಂಗಿದಳು. ಜೆನೊ ಅವಳ ನಾಲಿಗೆಯನ್ನು ಮೇಲೆತ್ತಿಸಿ, ಕೆನ್ನೆಯ ಒಳಗೆ ಬೆರಳಾಡಿಸಿ ನೋಡಿದಳು. ಅಂದಿನಿಂದ ದಿನಕ್ಕೆರಡು ಸಲ ಹೀಗೇ ನಡೆಯಿತು. ಕೊನೆಕೊನೆಗೆ ಜೆನೊಳಿಗೆ ಕೈ ಎತ್ತಲಾಗುತ್ತಿರಲಿಲ್ಲ. ಸ್ಕೊಲಾಳೇ ಬಗ್ಗಿ ಬಾಯನ್ನು ಅವಳ ಕಣ್ಣ ಮುಂದೆ ತರುತ್ತಿದ್ದಳು.

ಜೆನೊ ಇಪ್ಪತ್ತಮೂರನೆಯ ದಿನ ಸತ್ತಳು. ಗುಂಡಿ ತೋಡಲು ಸ್ಕೊಲಾಳ ಅಣ್ಣಂದಿರೂ ಬರಲಿಲ್ಲ. ಕಲ್ಲುನೆಲ, ಅವಳೊಬ್ಬಳಿಗೇ ಎರಡು ದಿನ ಹಿಡಿಯಿತು. ಆ ಎರಡು ದಿನವೂ ಹೊತ್ತಿಗೆ ಸರಿಯಾಗಿ ಗುಡಿಸಲಿಗೆ ಹೋಗಿ, ಹೆಣದ ಪಕ್ಕದಲ್ಲಿ ಕೂತು ನುಂಗಿ, ಬಾಯಿ ತೆರೆದು ತೋರಿಸಿದಳಂತೆ.

ಜೆನೊಳ ಹೆಸರಿನ ಔಷಧಿ ಒಂಬತ್ತನೆಯ ವಾರ ಬಂತು. ಸ್ಕೊಲಾ ಹೊಸ ಔಷಧಿ ಶುರುಮಾಡಿ ಆರು ತಿಂಗಳಿಗೆ, ನವೆಂಬರಿನಲ್ಲಿ, ಅವಳ ರಕ್ತವನ್ನು ಮತ್ತೆ ಕಳಿಸಿದೆ. ವೈರಸ್ ಇಳಿದಿದೆ. ಅವಳು ಪಾರಾದಳು ಎನ್ನಲು ಸಾಕಾಗುವಷ್ಟಲ್ಲ.