ನೆಲದೊಳಗಿನ ಕರಿಗೋಡೆ

ನಾನು ಹಿರಿಯ ಭೂವಿಜ್ಞಾನಿಯಾಗಿ ಬಾಗಲಕೋಟೆಗೆ ವರ್ಗವಾಗಿ ಬಂದಾಗ ನಿವೃತ್ತಿಗೆ ಇನ್ನೂ ಕೆಲವು ವರ್ಷ ಉಳಿದಿದ್ದವು. ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಊರಿನ ಒಂದು ಭಾಗ ಮುಳುಗಿ, ನವನಗರದ ಸೆಕ್ಟರುಗಳಲ್ಲಿ ಹೊಸ ಊರು ನೆಲೆನಿಂತಿತ್ತು. ನಮ್ಮ ಕಚೇರಿಯೂ ಅಲ್ಲೇ ಇತ್ತು. ಎಲ್ಲಿ ನೀರಿದೆ, ಎಷ್ಟು ಆಳದಲ್ಲಿದೆ, ಅದು ಕುಡಿಯಲು ಯೋಗ್ಯವೇ ಎಂದು ನೋಡುವುದು ನನ್ನ ಕೆಲಸ.

ಈ ಜಿಲ್ಲೆಯ ನೆಲ ಒಂದೇ ಬಗೆಯದಲ್ಲ. ದಕ್ಷಿಣಕ್ಕೆ ಬಾದಾಮಿ, ಪಟ್ಟದಕಲ್ಲಿನ ಕಡೆ ಕೆಂಪು ಮರಳುಗಲ್ಲು. ಪೂರ್ವಕ್ಕೆ ಹುನಗುಂದ ದಾಟಿ ಇಳಕಲ್ಲಿನ ಕಡೆ ಹೋದರೆ ಗ್ರಾನೈಟ್. ದೂರದ ದೇಶಗಳ ಕಟ್ಟಡಗಳಿಗೆ ಹಾಸುವ ಕೆಂಪು ಗ್ರಾನೈಟ್ ಇಲ್ಲಿಂದ ಹೋಗುತ್ತದೆ. ನೋಡಲು ಚೆಂದದ ಕಲ್ಲು. ಆದರೆ ಅದರೊಳಗಿನ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ಆಳದ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಅದನ್ನು ಕರಗಿಸಿಕೊಳ್ಳುತ್ತದೆ. ಲೀಟರ್ ನೀರಿನಲ್ಲಿ ಒಂದೂವರೆ ಮಿಲಿಗ್ರಾಂ ದಾಟಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಬೀಳುತ್ತವೆ. ಇನ್ನೂ ಹೆಚ್ಚಾದರೆ ವಯಸ್ಸಾಗುತ್ತ ಮೊಣಕಾಲು, ಕುತ್ತಿಗೆ, ಬೆನ್ನುಮೂಳೆ ಬಿಗಿದುಕೊಳ್ಳುತ್ತವೆ. ಒಮ್ಮೆ ಬಿಗಿದ ಮೂಳೆಯನ್ನು ಸಡಿಲಿಸುವ ಔಷಧಿ ಇಲ್ಲ. ನೀರು ಬದಲಿಸುವುದೊಂದೇ ದಾರಿ.

ಹುನಗುಂದ ತಾಲ್ಲೂಕಿನ ಹಳ್ಳಿಗಳ ನೀರಿನ ಮಾದರಿ ಸಂಗ್ರಹಿಸುತ್ತಿದ್ದಾಗ ಒಂದು ಊರು ನನ್ನನ್ನು ತಡೆದು ನಿಲ್ಲಿಸಿತು. ಹೆಸರು ಹೇಳುವುದಿಲ್ಲ, ಅಲ್ಲಿಯವರಿಗೆ ಇನ್ನೂ ಹೆಣ್ಣು ಕೊಟ್ಟು ತರುವುದಿದೆ. ಸುತ್ತಲಿನ ಎಲ್ಲ ಊರುಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿ ಮೀರಿತ್ತು. ಈ ಊರಿನ ಕೊಳವೆಬಾವಿಯಲ್ಲೂ ಇತ್ತು. ಆದರೆ ಊರ ಮುಂದಿನ ಕಲ್ಲುಮೆಟ್ಟಿಲಿನ ತೆರೆದ ಬಾವಿಯಲ್ಲಿ ಮಾತ್ರ ನೀರು ನಿರ್ಮಲ. ಬೇಸಿಗೆಯ ಕೊನೆಯಲ್ಲೂ ಅದು ತಳ ಕಂಡದ್ದಿಲ್ಲ ಎಂದು ಊರವರು ಹೇಳಿದರು. ಪ್ರಯೋಗಾಲಯದಲ್ಲಿ ಏನೋ ತಪ್ಪಾಗಿದೆ ಎಂದುಕೊಂಡು ಮತ್ತೆ ಮಾದರಿ ತೆಗೆಯಲು ಹೋದೆ. ಫಲಿತಾಂಶ ಅದೇ ಬಂತು.

ಎರಡನೇ ಸಲ ಮಾದರಿಗೆ ಹೋದ ದಿನವೇ ನೀಲಮ್ಮನ ಪರಿಚಯವಾಯಿತು. ಮನೆಯಲ್ಲೇ ಮಗ್ಗ ಇಟ್ಟುಕೊಂಡು ಇಳಕಲ್ ಸೀರೆ ನೇಯುವ, ನನ್ನಷ್ಟೇ ವಯಸ್ಸಿನ ಹೆಂಗಸು. ನಾನು ಬಾಟಲಿಗೆ ನೀರು ತುಂಬುವುದನ್ನು ನೋಡುತ್ತ ಕೊಡ ಇಳಿಸಿ ಪಕ್ಕದಲ್ಲಿ ಕೂತಳು. ಅವಳ ಹಲ್ಲುಗಳೆಲ್ಲ ಕಂದುಗಟ್ಟಿದ್ದವು. ನೀವು ಈ ಊರಿನವರಲ್ಲ ಅಲ್ಲವೇ ಎಂದು ಕೇಳಿದೆ.

"ನನ್ನ ತವರಮನಿ ಆ ಕಡೆ ಊರಾಗ್ರಿ ಬಾಯಾರ. ನಮ್ಮಪ್ಪಗ ಕಡೀಕಡೀಕ ಕುತ್ತಿಗಿ ಎತ್ತಾಕ ಬರ್ತಿದ್ದಿಲ್ಲ. ಆಕಾಶ ನೋಡಬೇಕಂದ್ರ ಅಂವನ್ನ ಅಂಗಾತ ಮಲಗಸಬೇಕಿತ್ತು. ನನ್ನ ಲಗ್ನಾ ಮಾಡಿ ಕೊಡುಮುಂದ ಅಂವ ಹೊಲ ನೋಡಲಿಲ್ಲ, ಮನಿ ನೋಡಲಿಲ್ಲ. ಈ ಬಾವಿ ನೋಡಿ ಕೊಟ್ಟ."

ಅವಳ ಇಬ್ಬರು ಹೆಣ್ಣುಮಕ್ಕಳ ಹಲ್ಲು ಮಲ್ಲಿಗೆಯ ಹಾಗೆ ಬೆಳ್ಳಗಿದ್ದವು. ಅವರನ್ನು ನನ್ನೆದುರು ನಿಲ್ಲಿಸಿ ನಗಿಸಿ ತೋರಿಸಿದಳು.

ಬಾವಿ ಏಕೆ ಹೀಗಿದೆ ಎಂದು ತಿಳಿಯಲೇಬೇಕಾಗಿತ್ತು. ಬಾವಿಯ ಕೆಳಬದಿಯಲ್ಲಿ, ಊರಿಗೂ ಹಳ್ಳಕ್ಕೂ ನಡುವೆ, ಕರಿ ಗುಂಡುಗಳ ಸಾಲೊಂದು ಹೊಲಗಳನ್ನು ಅಡ್ಡ ಕೊಯ್ದ ಹಾಗೆ ಸಾಗಿತ್ತು. ಇದಕ್ಕೆ ನಾವು ಡೈಕ್ ಎನ್ನುತ್ತೇವೆ. ಹಿಂದೊಂದು ಕಾಲಕ್ಕೆ ಗ್ರಾನೈಟಿನ ಬಿರುಕಿನಲ್ಲಿ ಕೆಳಗಿನಿಂದ ಕರಗಿದ ಶಿಲೆ ನುಗ್ಗಿ, ಅಲ್ಲೇ ಆರಿ ಗಟ್ಟಿಯಾದ ಕರಿಕಲ್ಲಿನ ಗೋಡೆ ಅದು. ಮೇಲೆ ಕಾಣುವುದು ನಾಲ್ಕು ಗುಂಡು. ನೆಲದೊಳಗೆ ಅದು ಆಳಕ್ಕೆ ಇಳಿದಿರುತ್ತದೆ. ಭೂಮಿಗೆ ವಿದ್ಯುತ್ ಹರಿಸಿ ಒಳಗಿನ ಕಲ್ಲು, ನೀರನ್ನು ಗುರುತಿಸುವ ರೆಸಿಸ್ಟಿವಿಟಿ ಉಪಕರಣ ತಂದು ವಾರಗಟ್ಟಲೆ ಆ ಹೊಲಗಳಲ್ಲಿ ತಂತಿ ಎಳೆದೆವು. ಚಿತ್ರ ನಿಧಾನವಾಗಿ ಮೂಡಿತು. ಮೇಲಿನ ದಿಬ್ಬದಲ್ಲಿ ಇಂಗಿದ ಮಳೆನೀರು ಸಡಿಲ ಮಣ್ಣುಕಲ್ಲಿನ ಪದರದಲ್ಲಿ ಇಳಿದು ಬಂದು ಈ ಗೋಡೆಗೆ ತಡೆದು ನಿಲ್ಲುತ್ತಿತ್ತು. ಯಾರೂ ಕಟ್ಟದ ಒಂದು ಅಣೆಕಟ್ಟು ನೆಲದಡಿಯಲ್ಲಿತ್ತು. ಪ್ರತಿ ಮಳೆಗಾಲ ಹೊಸ ನೀರು ಬರುತ್ತಿದ್ದುದರಿಂದ ಫ್ಲೋರೈಡ್ ಕರಗಲು ಅದಕ್ಕೆ ಸಮಯವೇ ಸಿಗುತ್ತಿರಲಿಲ್ಲ.

ನನ್ನ ವೃತ್ತಿಯಲ್ಲಿ ಅಷ್ಟು ಸಂತೋಷದಿಂದ ಬರೆದ ವರದಿ ಇನ್ನೊಂದಿಲ್ಲ. ಡೈಕ್ ಎಲ್ಲಿಂದ ಎಲ್ಲಿಗೆ ಹೋಗಿದೆ, ಎಷ್ಟು ಅಗಲ, ಎಷ್ಟು ಆಳ ಎಂದು ನಕ್ಷೆ ಮಾಡಿದೆ. ಆ ಗೋಡೆಯ ಆಸುಪಾಸು ಕೊಳವೆಬಾವಿ ಕೊರೆಯಬಾರದು, ಕಲ್ಲು ತೆಗೆಯಬಾರದು, ಆ ಜಾಗವನ್ನು ಕುಡಿಯುವ ನೀರಿಗಾಗಿ ಕಾಯ್ದಿರಿಸಬೇಕು ಎಂದು ಶಿಫಾರಸು ಮಾಡಿದೆ. ವರದಿ ಮೇಲಿನವರ ಮೆಚ್ಚುಗೆ ಪಡೆಯಿತು. ಸಾರ್ವಜನಿಕರಿಗೂ ಲಭ್ಯವಾಯಿತು. ಕಾಯ್ದಿರಿಸುವ ಆದೇಶ ಮಾತ್ರ ಬರಲಿಲ್ಲ.

ಮುಂದಿನ ವರ್ಷ ಒಬ್ಬ ಕ್ವಾರಿ ಮಾಲೀಕ ನನ್ನ ಕಚೇರಿಗೆ ಬಂದ. ಇಲ್ಲಿ ಅವನನ್ನು ಮಹಾಂತಗೌಡ ಎಂದು ಕರೆಯುತ್ತೇನೆ. ಕೈಮುಗಿದು, ಕೂರಲು ಹೇಳುವವರೆಗೂ ನಿಂತೇ ಇದ್ದ. ಕೈಯಲ್ಲಿ ನನ್ನ ನಕ್ಷೆಯ ಪ್ರತಿ ಇತ್ತು.

"ನಿಮಗ ಥ್ಯಾಂಕ್ಸ್ ಹೇಳಾಕ ಬಂದೇನ್ರಿ ಮೇಡಂ. ಕರಿಕಲ್ಲಿಗೆ ಭಾಳ ಡಿಮ್ಯಾಂಡ್ ಐತಿ. ನಮ್ಮ ಮಂದಿ ತಿಂಗಳಗಟ್ಲೆ ತಿರುಗಿದ್ರೂ ಅದು ನೆಲದಾಗ ಎಲ್ಲೀತನಕ ಹೋಗೇತಿ ಅನ್ನೂದು ತಿಳದಿದ್ದಿಲ್ಲ. ನೀವು ಕನ್ನಡಿ ಹಿಡದಂಗ ತೋರಿಸೀರಿ."

"ಅದನ್ನು ಮುಟ್ಟಬಾರದು ಅಂತ ಹೇಳೋದಕ್ಕೆ ಮಾಡಿದ ನಕ್ಷೆ ಅದು," ಎಂದೆ.

"ಖರೆ ಐತ್ರಿ. ಅದನ್ನೂ ಓದೇನಿ," ಎಂದು ವಿನಯದಿಂದಲೇ ಹೇಳಿ ಎದ್ದ. ಅವನ ಅರ್ಜಿ ಆಗಲೇ ಸಲ್ಲಿಕೆಯಾಗಿತ್ತು.

ಅವನು ದುಷ್ಟನಾಗಿದ್ದರೆ ನನಗೆ ಬರೆಯುವುದು ಸುಲಭವಾಗುತ್ತಿತ್ತು. ಊರ ಸಭೆಯಲ್ಲಿ ಅವನು ಯಾರನ್ನೂ ಹೆದರಿಸಲಿಲ್ಲ. ಊರಿನ ಹುಡುಗರಿಗೆ ಕೆಲಸ ಕೊಡುತ್ತೇನೆ, ಬಾವಿಗೆ ತೊಂದರೆಯಾದರೆ ನೀರು ಶುದ್ಧೀಕರಣ ಘಟಕ ಕಟ್ಟಿಸುತ್ತೇನೆ ಎಂದ. ನಾನು ಶಾಲೆಯ ಕರಿಹಲಗೆಯ ಮೇಲೆ ಬಾವಿ, ದಿಬ್ಬ, ಗೋಡೆಯ ಚಿತ್ರ ಬರೆದು ವಿವರಿಸಿದೆ. ಹೆಂಗಸರು ಕೇಳಿದರು. ಗಂಡಸರು ಗಡಿಯಾರ ನೋಡಿದರು. ನೀಲಮ್ಮ ಎದ್ದು ನಿಂತು ಬೇಡ ಎಂದಾಗ ಅವಳ ಮೈದುನನ ಮಗ ಬಸವರಾಜನೇ ಎದುರು ನಿಂತ.

"ದೊಡ್ಡವ್ವಾ, ನಾ ಗೋವಾದಾಗ ಸಿಮೆಂಟ್ ಬುಟ್ಟಿ ಹೊರತೇನಿ. ಹೇಣ್ತಿ, ಮಕ್ಕಳು ಇಲ್ಲಿ, ನಾ ಅಲ್ಲಿ. ಊರಾಗ ಕೆಲಸ ಬಂದ್ರ ನೀ ಬ್ಯಾಡ ಅಂತಿ. ಬರೇ ನೀರು ಕುಡದು ಇರಾಕ ಆಕ್ಕೇತೇನು?"

"ಕೆಲಸ ಬ್ಯಾಡ ಅಂದಿಲ್ಲೋ ತಮ್ಮಾ. ಕೆಂಪ ಕಲ್ಲು ಬೇಕಾದಷ್ಟು ಬಿದ್ದೈತಿ, ಅದನ್ನ ಕಡೀರಿ. ಈ ಕರಿ ಸಾಲು ಒಂದು ಬಿಡ್ರಿ. ನಮ್ಮಪ್ಪನ್ನ ನೀ ನೋಡಿಲ್ಲ."

ಕ್ವಾರಿ ಬೇಕೆನ್ನುವವರು ಕೈ ಎತ್ತಿ ಎಂದು ಕೇಳಿದರು. ಬಸವರಾಜ ಎತ್ತಿದ. ಒಪ್ಪಿಗೆಯ ಕೈಗಳೇ ಹೆಚ್ಚಾದವು. ಅವರನ್ನು ನಾನು ಹೇಗೆ ದೂರಲಿ? ತಿಂಗಳ ಸಂಬಳದವಳು ನಾನು, ಸಂಜೆ ಜೀಪು ಹತ್ತಿ ನವನಗರಕ್ಕೆ ಹೋಗುವವಳು.

ಪರವಾನಗಿಯ ಸಮಿತಿ ನನ್ನನ್ನು ಅಭಿಪ್ರಾಯಕ್ಕೆ ಕರೆಯಿತು. ಉದ್ದನೆಯ ಮೇಜು, ನೀರಿನ ಬಾಟಲಿಗಳು. ಅಧ್ಯಕ್ಷತೆ ವಹಿಸಿದ್ದವರು ದಕ್ಷಿಣದ ಕಡೆಯ ಅಧಿಕಾರಿ. ನನ್ನ ವರದಿಯನ್ನು ಹೊಗಳಿಯೇ ಮಾತು ಶುರು ಮಾಡಿದರು.

"ಗೋಡೆ ಒಡೆದರೆ ಬಾವಿ ಬತ್ತುವ ಸಾಧ್ಯತೆ ಇದೆ ಅಂತ ಬರೆದಿದ್ದೀರಿ. ಸಾಧ್ಯತೆ ಬೇಡ. ಬತ್ತುತ್ತದೆಯೋ ಇಲ್ಲವೋ?"

"ಬತ್ತುತ್ತದೆ ಸರ್."

"ಪುರಾವೆ?"

"ಒಡೆದ ಮೇಲೆ ಸಿಗುತ್ತದೆ."

ಇಬ್ಬರು ನಕ್ಕರು. ನಾನು ಹಾಸ್ಯ ಮಾಡಿರಲಿಲ್ಲ. ನೆಲದೊಳಗಿನ ವಿಷಯದಲ್ಲಿ ನಾವು ಕೊಡಬಹುದಾದದ್ದು ಲೆಕ್ಕಾಚಾರದ ಅಂದಾಜು. ಸಮಿತಿಗೆ ಬೇಕಾಗಿದ್ದ ಪುರಾವೆ ಅನಾಹುತ ನಡೆದ ಮೇಲಷ್ಟೇ ಕೈಗೆ ಬರುವಂಥದ್ದು. ಹೊರಗೆ ಬಂದಾಗ ನನ್ನ ಮೇಲಧಿಕಾರಿ ಹೆಗಲ ಮೇಲೆ ಕೈಯಿಟ್ಟು, "ನಿಮ್ಮ ತಾಂತ್ರಿಕ ಅಭಿಪ್ರಾಯ ದಾಖಲಾಗಿದೆ, ಇನ್ನು ಬಿಡಿ," ಎಂದರು. ಬಾವಿಯ ಮೇಲೆ ನಿಗಾ ಇಡಬೇಕು ಎಂಬ ಷರತ್ತಿನೊಂದಿಗೆ ಪರವಾನಗಿ ಹೊರಟಿತು.

ಕ್ವಾರಿ ಕೆಲಸ ಶುರುವಾಯಿತು. ಬಸವರಾಜ ಗೋವಾದಿಂದ ವಾಪಸು ಬಂದು ಅಲ್ಲಿ ಸೇರಿಕೊಂಡ. ಮೊದಲ ಬೇಸಿಗೆ ಬಾವಿಗೆ ಏನೂ ಆಗಲಿಲ್ಲ. ಕಚೇರಿಯಲ್ಲಿ ಒಬ್ಬಿಬ್ಬರು ನನ್ನನ್ನು ಕೆಣಕಿದರು. ನನ್ನ ಲೆಕ್ಕ ತಪ್ಪಾಗಲಿ ಎಂದು ನಾನು ಮನಸಾರೆ ಬಯಸಿದ ಕಾಲ ಅದೊಂದೇ.

ಮಳೆಗಾಲ ಮುಗಿದ ಮೇಲೆ ಒಂದು ಮಧ್ಯಾಹ್ನ ಬಸವರಾಜನ ಫೋನ್ ಬಂತು. ಹಿಂದೆ ಪಂಪುಗಳ ಸದ್ದು ಕೇಳಿಸುತ್ತಿತ್ತು.

"ಬಾಯಾರ, ಕಲ್ಲಿನ ಆಚಿ ಮಗ್ಗಲ ಬಿಚ್ಚಿತ್ರಿ. ನೀರು ಬರಾಕತ್ತೇತಿ. ನಿಲ್ಲವಲ್ದು." ಆಮೇಲೆ ಸಣ್ಣ ದನಿಯಲ್ಲಿ ಹೇಳಿದ: "ಕುಡದು ನೋಡಿದ್ನಿರಿ. ನಮ್ಮ ಬಾವಿದ ಐತಿ."

ನಾನು ಹೋದಾಗ ಗುಂಡಿಯ ಒಂದು ಬದಿಯಲ್ಲಿ ಕರಿಕಲ್ಲು ಹಲ್ಲು ಕಿತ್ತ ವಸಡಿನಂತೆ ಬಾಯ್ದೆರೆದಿತ್ತು. ಅದರಾಚೆಯ ಮಣ್ಣುಕಲ್ಲಿನಿಂದ ನೀರು ಧಾರೆಯಾಗಿ ಸುರಿಯುತ್ತಿತ್ತು. ಕೆಲಸಕ್ಕೆ ಅಡ್ಡಿಯಾಗುತ್ತದೆಂದು ಪಂಪು ಹಚ್ಚಿ ಹಳ್ಳಕ್ಕೆ ಬಿಡುತ್ತಿದ್ದರು. ಮಾದರಿ ತೆಗೆದೆ. ಬಾವಿಯ ನೀರಿಗೂ ಇದಕ್ಕೂ ರಾಸಾಯನಿಕವಾಗಿ ವ್ಯತ್ಯಾಸವೇ ಇರಲಿಲ್ಲ. ಸಮಿತಿ ಕೇಳಿದ್ದ ಪುರಾವೆ ಈಗ ನನ್ನ ಬಾಟಲಿಯಲ್ಲಿತ್ತು. ಅದನ್ನು ಕಳಿಸಿ, ಕೆಲಸ ನಿಲ್ಲಿಸುವ ಆದೇಶಕ್ಕಾಗಿ ಓಡಾಡಿದೆ. ಆದೇಶ ಬರುವಷ್ಟರಲ್ಲಿ ಗೋಡೆ ತಳದವರೆಗೆ ಸೀಳಿಹೋಗಿತ್ತು, ಬಾವಿಯ ಕೆಳಗಿನ ಮೆಟ್ಟಿಲುಗಳು ಬಿಸಿಲು ಕಂಡಿದ್ದವು. ಆ ಮೆಟ್ಟಿಲುಗಳನ್ನು ಊರಿನ ಹಿರಿಯರೂ ಅಲ್ಲಿಯವರೆಗೆ ನೋಡಿರಲಿಲ್ಲ.

ಒಡೆದ ಜಾಗಕ್ಕೆ ಜೇಡಿಮಣ್ಣು ತುಂಬಿ ಕಾಂಕ್ರೀಟ್ ಹಾಕಿಸಿದೆವು. ಮಹಾಂತಗೌಡನೇ ಯಂತ್ರ, ಆಳು ಕೊಟ್ಟ. ನೀರು ಒಂದು ಮಳೆಗಾಲ ನಿಂತ ಹಾಗೆ ಮಾಡಿ, ಸಿಡಿಮದ್ದಿಗೆ ಬಿರಿದಿದ್ದ ಪಕ್ಕದ ಕಲ್ಲಿನಲ್ಲಿ ದಾರಿ ಹುಡುಕಿಕೊಂಡು ಹೋಯಿತು. ಇಷ್ಟೆಲ್ಲ ಆಗಿ, ತೆಗೆದ ಕಲ್ಲಾದರೂ ಕೆಲಸಕ್ಕೆ ಬಂತೇ? ಆಳದಲ್ಲಿ ಡೈಕ್ ತುಂಬ ಸೀಳುಗಳಿಂದ ಕೂಡಿತ್ತು. ದೊಡ್ಡ ದಿಮ್ಮಿಗಳು ಏಳಲಿಲ್ಲ, ಎದ್ದವು ಮಾರುಕಟ್ಟೆಯಲ್ಲಿ ತಿರಸ್ಕೃತವಾದವು. ಗೌಡ ಕ್ವಾರಿ ಮುಚ್ಚಿ ಬೇರೆ ಕಡೆ ಹೋದ. ಬಸವರಾಜ ಮತ್ತೆ ಗೋವಾದ ಬಸ್ಸು ಹತ್ತಿದ.

ಗೌಡ ಮಾತು ಕೊಟ್ಟಿದ್ದ ಶುದ್ಧೀಕರಣ ಘಟಕ ಬಂತು, ಅದನ್ನು ಒಪ್ಪಿಕೊಳ್ಳಬೇಕು. ಉದ್ಘಾಟನೆಯ ದಿನ ಊರೆಲ್ಲ ಸೇರಿತ್ತು. ನೀರನ್ನು ಸೋಸುವ ಪೊರೆ ಹಾಳಾದಾಗ ಬದಲಿಸುವುದು ಯಾರ ಹೊಣೆ ಎಂಬುದು ಪಂಚಾಯಿತಿಗೂ ಗುತ್ತಿಗೆದಾರನಿಗೂ ನಡುವೆ ತೀರ್ಮಾನವಾಗಲಿಲ್ಲ. ಘಟಕ ನಡೆದ ದಿನ ಅದರ ನೀರು, ನಿಂತ ದಿನ ಕೊಳವೆಬಾವಿಯ ನೀರು. ನಿಂತ ದಿನಗಳೇ ಹೆಚ್ಚು. ನಾನು ಪತ್ರಗಳನ್ನು ಬರೆಯುತ್ತಲೇ ನಿವೃತ್ತಳಾದೆ. ಬೀಳ್ಕೊಡುಗೆಯಲ್ಲಿ ಮಾತಾಡಿದವರು ಆ ವರದಿಯನ್ನು ನನ್ನ ವೃತ್ತಿಜೀವನದ ಅತ್ಯುತ್ತಮ ಕೆಲಸವೆಂದು ಕೊಂಡಾಡಿದರು. ನಾನು ಶಾಲು ಹೊದ್ದುಕೊಂಡು ಕೂತಿದ್ದೆ.

ನಿವೃತ್ತಿಯ ನಂತರ ಒಮ್ಮೆ ಮಾತ್ರ ಆ ಊರಿಗೆ ಹೋದೆ. ನೀಲಮ್ಮ ಮಗ್ಗದ ಮುಂದಿದ್ದಳು. ಏಳಲು ಗೋಡೆ ಹಿಡಿಯಬೇಕಾಯಿತು. ಬಾಣಂತನಕ್ಕೆ ಬಂದಿದ್ದ ಕಿರಿಮಗಳು ಒಳಗಿದ್ದಳು. ಚಹಾ ಕೊಡುತ್ತ ನೀಲಮ್ಮ, ಇದು ಹುನಗುಂದದಿಂದ ತರಿಸಿದ ಕ್ಯಾನಿನ ನೀರು, ಸಂಕೋಚ ಮಾಡಬೇಡಿ ಎಂದಳು. ಕೂಸಿಗೂ ಬಾಣಂತಿಗೂ ಅದನ್ನೇ ತರಿಸುತ್ತಿದ್ದಳಂತೆ. ತನಗೆ ಮಾತ್ರ ಕೊಳವೆಬಾವಿಯದು.

ಅಂದು ಸಮಿತಿಯ ಮುಂದೆ ಎಲ್ಲವನ್ನೂ ಹೇಳಿದ್ದೆ, ಯಾರೂ ಕೇಳಲಿಲ್ಲ ಎಂದೆ. ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತು.

"ನೀವು ಹೇಳಿದ್ದು ಹೇಳಿದಂಗ ಖರೆ ಆತ್ರಿ ಬಾಯಾರ. ಖರೆ ಆಗಿ ನಮಗೇನಾತು?"

ಕಿರಿಯ ಭೂವಿಜ್ಞಾನಿಗಳು ಈಗಲೂ ಸಲಹೆ ಕೇಳಲು ಬರುತ್ತಾರೆ. ಕಲ್ಲು, ನೀರಿನ ವಿಷಯದಲ್ಲಿ ಅವರು ನನಗಿಂತ ಜಾಣರು. ಅವರಿಗೆ ನಾನು ಹೇಳುವುದು ಒಂದೇ ಮಾತು. ಒಳ್ಳೆಯ ನೀರು ಸಿಕ್ಕರೆ, ಅದನ್ನು ಕಾಯುವ ಆದೇಶ ಕೈಗೆ ಬರುವ ತನಕ ನಕ್ಷೆಯನ್ನು ಹೊರಗೆ ಬಿಡಬೇಡಿ. ಹೀಗೆ ಮಾಡುವುದು ನಿಯಮಕ್ಕೆ ವಿರುದ್ಧ ಎಂದು ಅವರು ನೆನಪಿಸುತ್ತಾರೆ. ಹೌದು, ವಿರುದ್ಧ. ನಾನು ಎಲ್ಲವನ್ನೂ ನಿಯಮದ ಪ್ರಕಾರವೇ ಮಾಡಿದ್ದೆ.