ಕಣಿಕಿ ಹೊರೆಯಲ್ಲಿ ನೆಟ್ಟ ಬಾಣ

ಕಳೆದ ವಾರ ಬೈಲಹೊಂಗಲದ ಪೇಟೆಯಲ್ಲಿ ಚಪ್ಪಲಿ ಹೊಲಿಸಲು ನಿಂತಿದ್ದೆ. ಹೊಲಿಯುವವರು ದಾರಕ್ಕೆ ಜೇನುಮೇಣ ತಿಕ್ಕಿದರು. ಆ ವಾಸನೆ ಮೂಗಿಗೆ ಬಂದದ್ದೇ ತಡ, ನನ್ನ ಎಡ ಮುಂಗೈ ತಾನಾಗಿಯೇ ಜುಮ್ಮೆಂದಿತು. ಮೇಣಕ್ಕೂ ಮುಂಗೈಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಬಿಲ್ಲಿನ ಹೆದೆಗೂ ಅದೇ ಮೇಣ ಹಚ್ಚುತ್ತಾರೆ. ಹೆದೆಯ ಹೊಡೆತ ತಿಂದವರಿಗೆ ಆ ಸಂಬಂಧ ಚೆನ್ನಾಗಿ ಗೊತ್ತು.

ತೊಂಬತ್ತರ ದಶಕದ ಕೊನೆ. ಯರಗಟ್ಟಿಗೆ ಹತ್ತಿರದ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದೆ. ಆಟ ಕಲಿಸುವವರು ರಾಮದುರ್ಗದ ಸುಭದ್ರಾ. ಟ್ರೇನಿಂಗಿಗೆ ಹೋದಾಗ ಬಿಲ್ಲು ಹಿಡಿಯಲು ಕಲಿತಿದ್ದ ಅವರು ಎರಡು ಬಿದಿರಿನ ಬಿಲ್ಲು ತಂದು, ಎಂಟು ಹುಡುಗಿಯರನ್ನು ಸೇರಿಸಿ ಸಾಲೆ ಬಿಟ್ಟ ಮೇಲೆ ಕಲಿಸುತ್ತಿದ್ದರು. ಒಂಬತ್ತನೆಯ ವಿದ್ಯಾರ್ಥಿನಿ ನಾನು. ಬಲ, ವೇಗ, ಕೋನ ಎಲ್ಲವನ್ನೂ ಹಲಗೆಯ ಮೇಲೆ ಬರೆದು ತೋರಿಸುವವಳಿಗೆ ಇದೇನು ಮಹಾ ಎಂಬ ಹಮ್ಮು ನನ್ನದು. ಮೊದಲ ದಿನ ಮುಂಗೈಗೆ ಚರ್ಮದ ಪಟ್ಟಿ ಕಟ್ಟಿಕೊಳ್ಳದೆ ಬಾಣ ಬಿಟ್ಟೆ. ಹೆದೆ ಬಡಿದು ಬದನೆಕಾಯಿ ಬಣ್ಣದ ಬಾವು ಬಂತು. ಬಾಗಿಲು ಬಡಿಯಿತೆಂದು ಮನೆಯಲ್ಲಿ ಅವ್ವನಿಗೆ ಹೇಳಿದೆ. ಅವಳು ಪಾಪ, ಬಾಗಿಲನ್ನೇ ಬೈದಳು.

ಸುಭದ್ರಾ ಅವರ ಕಟ್ಟಳೆಗಳು ಬಹಳ. ಜಡೆ ಮೇಲಕ್ಕೆ ಕಟ್ಟಬೇಕು, ಓಲೆ ಬಿಚ್ಚಿಡಬೇಕು. ಅವರ ಬಲಗಿವಿಯ ಹಾಲೆ ಸೀಳಿತ್ತು. ಹೊಸದರಲ್ಲಿ ಓಲೆ ಹೆದೆಗೆ ಸಿಕ್ಕಿ ಹರಿದದ್ದಂತೆ. ಪ್ರತಿ ಬಾಣವನ್ನೂ ಕಿವಿಯ ಬಳಿ ಹಿಡಿದು ತುಸುವೇ ಬಾಗಿಸಬೇಕು, ಚಟ್ ಎಂದರೆ ಬೇರೆ ಇಡಬೇಕು. ಬಿರುಕು ಬಿಟ್ಟ ಬಾಣ ಬಿಡುವಾಗಲೇ ಮುರಿದು ಕೈಗೆ ನೆಡುತ್ತದೆ. ಇವೆಲ್ಲ ನನಗೂ ಒಪ್ಪಿಗೆಯಾದವು. ಒಪ್ಪಿಗೆಯಾಗದ್ದು ಒಂದೇ. ಗುರಿಯ ಹಿಂದೆ ಮಣ್ಣಿನ ದಿಬ್ಬ, ಅದರಾಚೆ ಹೊಲಕ್ಕೆ ಹೋಗುವ ಕಾಲುದಾರಿ. ಸುಭದ್ರಾ ದಿನವೂ ಅಲ್ಲಿಯವರೆಗೆ ನಡೆದು, ಯಾರೂ ಇಲ್ಲವೆಂದು ನೋಡಿ, ಕೆಂಪು ಬಟ್ಟೆ ಕಟ್ಟಿದ ಕೋಲು ನೆಟ್ಟು, ತಿರುಗಿ ಬಂದು ಸೀಟಿ ಊದಿದ ಮೇಲೆಯೇ ನಾವು ಬಾಣ ಹೂಡಬೇಕು. ಸುಮ್ಮನೆ ಹೊತ್ತು ಹಾಳು ಎಂದು ನನಗೆ ಅನಿಸುತ್ತಿತ್ತು.

ಒಂದು ಶನಿವಾರ ಅವರು ಸಾಲೆಯ ಕೆಲಸಕ್ಕೆ ಸವದತ್ತಿಗೆ ಹೋಗಿದ್ದರು. ಬಿಲ್ಲಿನ ಕೋಣೆಯ ಕೀಲಿ ನನ್ನ ಹತ್ತಿರ ಇತ್ತು. ಹುಡುಗಿಯರು ಸುತ್ತ ನಿಂತಿದ್ದರು. ಹಿಂದೆ ಹೋಗಿ ನೋಡಿ ಬರಲೇ ಎಂದು ಒಬ್ಬಳು ಕೇಳಿದಳು. ಒಂದು ಬಾಣಕ್ಕೆ ಅದೆಲ್ಲ ಯಾಕೆ ಎಂದೆ. ಎಳೆದೆ, ಬಿಟ್ಟೆ. ಬಾಣ ಗುರಿಯ ಮೇಲಿಂದ ಹಾದು, ದಿಬ್ಬವನ್ನೂ ದಾಟಿ ಕಾಣದಾಯಿತು. ಹುಡುಗಿಯರು ನಕ್ಕರು. ನಾನೂ ನಕ್ಕೆ.

ಸ್ವಲ್ಪ ಹೊತ್ತಿಗೆ ದಿಬ್ಬವನ್ನು ಬಳಸಿ ಗಂಗವ್ವ ಬಂದಳು. ಅದೇ ಊರಿನ ಮುದುಕಿ. ನೀರು ಕುಡಿಯಲು ಆಗಾಗ ಸಾಲೆಗೆ ಬರುತ್ತಿದ್ದಳು. ತಲೆಯ ಮೇಲೆ ಕಣಿಕಿಯ ಹೊರೆ, ಜೋಳದ ಒಣ ದಂಟಿನದು. ಆ ಹೊರೆಯಲ್ಲಿ, ಅವಳ ಹಣೆಯಿಂದ ಒಂದು ಗೇಣು ಮೇಲೆ, ನನ್ನ ಬಾಣ ನೆಟ್ಟಿತ್ತು. ಅವಳಿಗೆ ಅದರ ಸುಳಿವೇ ಇಲ್ಲ.

"ಅಕ್ಕೋರ, ಒಂದೀಟ ನೀರ ಕೊಡ್ರಿ. ಬಿಸಲ ಭಾಳ ಐತಿ" ಎಂದಳು.

ನಗುತ್ತಿದ್ದ ಹುಡುಗಿಯರು ಕಲ್ಲಾಗಿ ನಿಂತರು. ಹೊರೆ ಇಳಿಸಲು ನಾನೇ ಕೈ ಹಚ್ಚಿದೆ. ಮೆಲ್ಲಗೆ ಬಾಣ ಕಿತ್ತುಕೊಂಡು ಬಚ್ಚಿಡಬಹುದಿತ್ತು; ಆ ಯೋಚನೆ ಬಂದದ್ದೂ ನಿಜ. ಆದರೆ ಎಂಟು ಜೋಡಿ ಕಣ್ಣು ನನ್ನ ಮೇಲಿದ್ದವು. ತೋರಿಸಿದೆ, ನಾನೇ ಬಿಟ್ಟದ್ದೆಂದು ಹೇಳಿದೆ.

ಅವಳು ಬಾಣದ ಮೊನೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಏನೋ ಬಡಿದಂತಾಗಿತ್ತು, ಗಾಳಿ ಇರಬೇಕು ಅಂದುಕೊಂಡಿದ್ದಳಂತೆ. ತಂಬಿಗೆ ನೀರು ಪೂರ್ತಿ ಕುಡಿದಳು. ಆಮೇಲೆ, ಬೈಯುವ ದನಿಯೂ ಇಲ್ಲದೆ ಹೇಳಿದಳು:

"ನಿನ್ನಿ ಇದ ಹೊತ್ತಿಗೆ ಮೊಮ್ಮಗಳನ್ನ ಹೆಗಲ ಮ್ಯಾಲ ಕುಂಡ್ರಿಸಿಕೊಂಡ ಬಂದಿದ್ನಿ, ಅಕ್ಕೋರ."

ನಾನು ಅಲ್ಲೇ ಮಣ್ಣಿನಲ್ಲಿ ಕುಳಿತುಬಿಟ್ಟೆ. ಕೊನೆಗೆ ಅವಳೇ ನನ್ನ ಬೆನ್ನು ಸವರಿದಳು. "ನಾ ಯಾರಿಗೂ ಹೇಳಂಗಿಲ್ಲ. ಆ ಆಟದ ಅಕ್ಕೋರಿಗೆ ಮಾತ್ರ ನೀವ ಹೇಳ್ರಿ" ಎಂದು ಹೊರೆ ಹೊತ್ತು ಹೋದಳು.

ಭಾನುವಾರವಿಡೀ ಸರಿಯಾಗಿ ಉಣ್ಣಲಿಲ್ಲ. ಹೇಳಿದರೆ ನೌಕರಿಗೆ ಕುತ್ತು, ಹುಡುಗಿಯರ ಬಿಲ್ಲಿಗೂ ಕುತ್ತು. ಸೋಮವಾರ ಸುಭದ್ರಾ ಅವರ ಮುಂದೆ ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ, ಅದನ್ನೇ ಮೂರು ಸಲ: ಗಂಗವ್ವ ಆಯಿಗೆ ಏನೂ ಆಗಿಲ್ಲ ಹೌದಲ್ಲ? ಆಗಿಲ್ಲ ಎಂದೆ. ಆಮೇಲೆ ಇಬ್ಬರೂ ಹೆಡ್ ಮಾಸ್ತರರ ಬಳಿ ಹೋದೆವು. ಅವರು ನನ್ನ ನೌಕರಿ ಉಳಿಸಿ, ಒಂದು ತಿಂಗಳು ಬಿಲ್ಲುಗಳಿಗೆ ಬೀಗ ಹಾಕಿಸಿದರು. ಅಷ್ಟರಲ್ಲಿ ಗುರಿಯನ್ನು ಕಾಲುದಾರಿ ಇಲ್ಲದ ಕಡೆಗೆ, ಎತ್ತರದ ಮಣ್ಣುಗೋಡೆಯ ಮುಂದಕ್ಕೆ ತಿರುಗಿಸಿದರು. ಎಲ್ಲ ಹೇಳಿದ ಆ ಸೋಮವಾರ ಸಂಜೆ ಅವ್ವ ಬಡಿಸಿದ ನಾಲ್ಕು ರೊಟ್ಟಿ ತಿಂದು ಐದನೆಯದಕ್ಕೆ ಕೈಚಾಚಿದೆ. ಅಂಜಿಕೆ ಇಳಿದ ಹೊಟ್ಟೆ ಇಷ್ಟು ಹಸಿಯುತ್ತದೆಂದು ಗೊತ್ತಿರಲಿಲ್ಲ.

ಸುಭದ್ರಾ ನನಗೆ ಕೊಟ್ಟ ಶಿಕ್ಷೆ ಬೇರೆ. "ಇನ್ನ ಮ್ಯಾಲ ಹಿಂದ ಹೋಗಿ ನೋಡಿ ಬರೂ ಕೆಲಸ ನಿಮ್ದು. ನಾ ಸಾಕ ಅನ್ನೂತನಕ." ನನಗೆ ಕಿತ್ತೂರಿಗೆ ವರ್ಗವಾಗುವವರೆಗೂ ಅವರು ಸಾಕು ಅನ್ನಲಿಲ್ಲ. ದಿನವೂ ಹೋದೆ. ಗಂಗವ್ವ ದೂರದ ಹೊಲದಲ್ಲಿ ನಿಂತು, ಇನ್ನೂ ಇಲ್ಲೇ ಇದ್ದೇನೆ ಎಂಬಂತೆ ಕೈ ಬೀಸುತ್ತಿದ್ದಳು. ಆ ಕೈ ಕಂಡಾಗಲೆಲ್ಲ ಎದೆ ಹಗುರಾಗುತ್ತಿತ್ತು.

ಈಗ ಬಿಲ್ಲು ಮುಟ್ಟಿ ಎಷ್ಟೋ ವರ್ಷವಾಯಿತು. ಆದರೂ ಮಹಡಿಯಿಂದ ಒಂದು ಚೊಂಬು ನೀರು ಚೆಲ್ಲಬೇಕಾದರೆ ಮೊದಲು ಬಗ್ಗಿ ಓಣಿಯ ಎರಡೂ ಬದಿ ನೋಡುತ್ತೇನೆ. ನೆರೆಯವರಿಗೆ ನನ್ನದು ವಿಪರೀತ ಕುತೂಹಲ ಎಂಬ ಅನುಮಾನ. ಇರಲಿ. ಕೆಳಗೆ ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ಯಾರೂ ಇಲ್ಲದ್ದನ್ನು ಕಂಡು ಇಷ್ಟು ಸಮಾಧಾನಪಡುವವಳು ನಮ್ಮ ಓಣಿಯಲ್ಲಿ ನಾನೊಬ್ಬಳೇ ಇರಬೇಕು.